ಕರೆಂಟು ಕೊಟ್ಟ ಕೆನ್ನೆ

ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಲೇ ಹಲ್ಲಿನ ಡಾಕ್ಟರು ಅಂಜನ್ ಕೇಳಿದ, “ಬಿಪಿ, ಶುಗರ್ ಏನಾದ್ರೂ ಇದ್ಯಾ ಅಂಕಲ್? ಮುಂಚೆ ಯಾವ್ದಾದ್ರೂ ದೊಡ್ಡ ಟ್ರೀಟ್‌ಮೆಂಟ್?”

“ಏನಿಲ್ಲಪ್ಪ. ಗುಂಡುಕಲ್ಲಿದ್ದಂಗಿವ್ನಿ,” ಎಂದ ಮುನಿಯಣ್ಣ, ಊದಿದ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ.

ಗೋಡೆಗೊರಗಿ ನಿಂತಿದ್ದ ಸುಬ್ಬಲಕ್ಷ್ಮಮ್ಮ ಗಂಡನ ಮುಖ ನೋಡಿದಳು. ಅವನು ಇತ್ತ ತಿರುಗಲಿಲ್ಲ.

ಬೆಳಿಗ್ಗೆ ಸರ್ಜಾಪುರದಿಂದ ಶಶಿಕಲಾ ಬಂದಿದ್ದು ತನ್ನ ಮಗನಿಗೂ ಇವರ ಮಗಳು ವೇಣಿಗೂ ನಿಶ್ಚಿತಾರ್ಥದ ದಿನ ಗೊತ್ತುಮಾಡಲು. ಪಾಯಸ ಮುಂದಿಟ್ಟುಕೊಂಡು ತಿನ್ನಲಾರದೆ ಕೂತ ಬೀಗರನ್ನು ಕಂಡಿದ್ದೇ ತಡ, “ನಮ್ಮಣ್ಣನ ಮಗ ಇಲ್ಲೇ ದೊಡ್ಡನೆಕ್ಕುಂದೀಲಿ ಕ್ಲಿನಿಕ್ ಇಟ್ಟವ್ನೆ. ಏಳಿ ಅಣ್ಣ, ಕಿತ್ತಾಕಿಸ್ಕೊಂಡು ಬರೋಣ,” ಎಂದು ಆಟೋ ಹತ್ತಿಸಿಯೇ ಬಿಟ್ಟಳು. ಬೀಗಿತ್ತಿಯಾಗುವವಳಿಗೆ ಬೇಡ ಎಂದರೆ ಕಾರಣ ಹೇಳಬೇಕಾಗುತ್ತಿತ್ತು.

ಆ ಕಾರಣವನ್ನು ಗಂಡ ಹೆಂಡತಿ ವರ್ಷಗಳಿಂದ ನುಂಗಿಕೊಂಡಿದ್ದರು. ಮುನಿಯಣ್ಣನ ದವಡೆಯ ಮೂಲೆಯಲ್ಲಿ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ಗೊತ್ತಾದಾಗ, ವೈಟ್‌ಫೀಲ್ಡಿನ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಎಂದು ನೆಂಟರಿಗೆ ಹೇಳಿ ದಿನವೂ ಆಸ್ಪತ್ರೆಗೆ ಹೋಗಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಬಂದಿದ್ದರು. ಹುಣ್ಣು ಹೋಯಿತು. ಅದರ ಜೊತೆ ಬಾಯಲ್ಲಿ ಎಂಜಲೂ ಹೋಯಿತು. ನೀರಿನ ಬಾಟಲಿಯಿಲ್ಲದೆ ನಾಲ್ಕು ಮಾತು ಆಡಲಾಗದು. ಆ ಬದಿಯ ಕೆನ್ನೆಯಲ್ಲಿ ಗಡ್ಡ ಮತ್ತೆ ಬರಲಿಲ್ಲ. ಕಾಯಿಲೆಯ ಮನೆ ಎಂಬ ಹೆಸರು ಬಂದರೆ ವೇಣಿಯನ್ನು ಯಾರು ಕೇಳುತ್ತಾರೆ?

“ನಮ್ ಬೀಗರು ಬಾಟ್ಲಿ ಬಿಟ್ಟು ಇರಾಕಿಲ್ಲ. ಒಳಗಿರೋದು ನೀರೇ ತಾನೇ?” ಎಂದು ಆಟೋದಲ್ಲಿ ಶಶಿಕಲಾ ನಕ್ಕಿದ್ದಳು. ಇವರೂ ನಕ್ಕಿದ್ದರು.

“ಬಾಯಿ ತೆಗೀರಿ. ಇನ್ನೂ ಸ್ವಲ್ಪ ಅಂಕಲ್.”

ಬಾಯಿ ಎರಡು ಬೆರಳಿನಗಲಕ್ಕಿಂತ ಹೆಚ್ಚು ತೆರೆಯಲಿಲ್ಲ. ಸುಬ್ಬಲಕ್ಷ್ಮಮ್ಮನಿಗೆ ಆಸ್ಪತ್ರೆಯ ಡಾಕ್ಟರಮ್ಮ ಕೊನೆಯ ದಿನ ಹೇಳಿದ್ದು ಕಿವಿಯಲ್ಲಿ ಕೂತಿತ್ತು: “ಈ ಕಡೆ ಹಲ್ಲು ಎಷ್ಟೇ ನೋಯ್ಲಿ, ನಮ್ಮನ್ನ ಕೇಳ್ದೆ ಕೀಳಿಸ್ಬೇಡಿ ಅಮ್ಮ. ಕರೆಂಟ್ ತಗೊಂಡಿರೋ ಮೂಳೆ, ಗಾಯ ಆದ್ರೆ ಮಾಯೋದು ಕಷ್ಟ. ದವಡೇನೇ ಹೋಗ್ಬಹುದು.”

ಸೂಜಿ ಬಾಯಿಯ ಹತ್ತಿರ ಬಂತು. ಮುನಿಯಣ್ಣ ಕಣ್ಣು ಮುಚ್ಚಿಕೊಂಡ.

“ನಿಲ್ಸಪ್ಪ,” ಎಂದಳು ಸುಬ್ಬಲಕ್ಷ್ಮಮ್ಮ. ಗಂಡ ಕಣ್ಣು ಬಿಟ್ಟು, ಬೇಡ ಎಂಬಂತೆ ತಲೆಯಾಡಿಸಿದ. ಆದರೂ ಅವಳು ಹೇಳಿಯೇಬಿಟ್ಟಳು, “ಆ ಕಡೆಗೆ ಕರೆಂಟ್ ಕೊಟ್ಟವ್ರೆ. ಕ್ಯಾನ್ಸರ್ ಆಗಿತ್ತು.”

ಅಂಜನ್ ಸಿರಿಂಜನ್ನು ಟ್ರೇಯಲ್ಲಿಟ್ಟು ಉಸಿರುಬಿಟ್ಟ. “ಮೊದ್ಲೇ ಹೇಳ್ಬಾರ್ದಾ ಆಂಟಿ? ಕಿತ್ತೇ ಬಿಡ್ತಿದ್ನಲ್ಲ!” ನೋವಿಗೆ ಮಾತ್ರೆ ಬರೆದುಕೊಟ್ಟು, ನಾಳೆಯೇ ಹಳೆಯ ಆಸ್ಪತ್ರೆಗೆ ಹೋಗಿ ಎಂದ.

ಒಳಗಿನ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇದ್ದದ್ದು ಬರೀ ಒಂದು ಪರದೆ. ಇಬ್ಬರೂ ಅದನ್ನು ಸರಿಸಿ ಹೊರಗೆ ಬಂದರು. ಬೆಂಚಿನ ಮೇಲೆ ಶಶಿಕಲಾ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

“ಮಗಳ ಬದುಕು ಕೆಡಿಸ್ದಲ್ಲೇ,” ಎಂದು ಮುನಿಯಣ್ಣ ಪಿಸುಗುಟ್ಟಿದ.

“ಧಾರೆ ಎರಿಯೋಕೆ ಅಪ್ಪ ಬ್ಯಾಡ್ವಾ ಅವ್ಳಿಗೆ?”

ಅವನು ಬೀಗಿತ್ತಿಯ ಮುಂದೆ ಹೋಗಿ ನಿಂತ. ಏನೋ ಹೇಳಹೊರಟ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಬರೀ ಚಪ್ ಚಪ್ ಸದ್ದು ಬಂತು. ಕೈ ಬಾಟಲಿಗಾಗಿ ಕಂಕುಳ ತಡಕಿತು. ಅದು ಒಳಗೆ ಕುರ್ಚಿಯ ಪಕ್ಕದಲ್ಲೇ ಉಳಿದಿತ್ತು.

ಶಶಿಕಲಾ ಎದ್ದು, ಪರದೆ ಸರಿಸಿ ಒಳಗೆ ಹೋದಳು. ಮೂಲೆಯ ನೀರಿನ ಕ್ಯಾನು ಗುಳುಗುಳು ಎಂದಿತು. ತುಂಬಿದ ಬಾಟಲಿ ತಂದು, ತಾನೇ ಮುಚ್ಚಳ ತಿರುವಿ ಚಾಚಿದಳು.

“ಮೊದ್ಲು ಕುಡೀರಿ ಅಣ್ಣ. ಆಮ್ಯಾಕೆ ಮಾತಾಡಿ.”

ಅವನು ನಿಂತಲ್ಲೇ ಗುಟುಕು ಗುಟುಕಾಗಿ ಕುಡಿದ. ಅವನು ಮುಗಿಸುವವರೆಗೂ ಶಶಿಕಲಾ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ಕಾದಳು.