ಹಿಂದಿನ ಸಾಲಿನ ಪೂವಪ್ಪ

ಪೂವಪ್ಪ ತೀರಿಕೊಂಡ ಮೂರನೆಯ ದಿನ ನೂರ್ ಮುಹಮ್ಮದರು ಬಂದರಿನ ಹಗ್ಗದ ಅಂಗಡಿಗೆ ಬೀಗ ಹಾಕಿ, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ದೋಣಿ ಹತ್ತಿ ಬೆಂಗರೆಗೆ ಹೊರಟರು. ಹನ್ನೊಂದು ವರ್ಷ ಎದೆಯಲ್ಲಿದ್ದ ಮಾತೊಂದು ಗೆಳೆಯನಿಗೆ ಹೇಳದೆಯೇ ಉಳಿದುಹೋಗಿತ್ತು. ಅವನ ಹೆಂಡತಿ ಸುಂದರಿಗಾದರೂ ಹೇಳಬೇಕು.

ಅದು ಐವತ್ತೇಳರ ಚುನಾವಣೆಯ ಕಾಲ. ಬೆಂಗರೆಯ ಕಡಲತಡಿಯ ಹೊಯ್ಗೆಯಲ್ಲಿ ದಿನಾ ಸಂಜೆ ವಾಲಿಬಾಲ್. ಎರಡು ಗಾಳಿಮರದ ಕಂಬ, ನಡುವೆ ಹಳೆಯ ಮೀನುಬಲೆ. ಮೊಗವೀರ ಮೀನುಗಾರರೂ ಬ್ಯಾರಿ ಮುಸ್ಲಿಮರೂ ಬೆರೆತ ಒಂಬತ್ತು ಜನರ ತಂಡ. ಆಗ ಜಾಗ ಬದಲಾಯಿಸುವ ಪದ್ಧತಿ ಇರಲಿಲ್ಲ. ಮುಂದೆ ನಿಂತವನು ಮುಂದೆಯೇ, ಹಿಂದೆ ನಿಂತವನು ಹಿಂದೆಯೇ. ನಾಯಕ ಕಬೀರ್ ಬಲೆಯ ಬಳಿ ಹಾರಿ ಹೊಡೆಯುವವನು. ಅವನಿಗೆ ಚೆಂಡು ಎತ್ತಿಕೊಡುವುದು ನೂರ್ ಮುಹಮ್ಮದರ ಕೆಲಸ. ಪೂವಪ್ಪ ಕೊನೆಯ ಸಾಲಿನಲ್ಲಿ ಹೊಯ್ಗೆಗೆ ಬಿದ್ದು ಚೆಂಡು ಉಳಿಸುವವನು.

ಕಬೀರನಿಗೆ ಭಾಷಣದ ಹುಚ್ಚೂ ಇತ್ತು. ದೇಶ ಹಿಡಿದ ಸಮಾಜವಾದದ ದಾರಿಯೆಂದರೆ ವಾಲಿಬಾಲಿನ ಹಾಗೆ ಎಂದು ಒಂದು ಸಭೆಯಲ್ಲಿ ಹೇಳಿದ. ಇಲ್ಲಿ ಚೆಂಡನ್ನು ಯಾರೂ ಹಿಡಿದಿಟ್ಟುಕೊಳ್ಳುವಂತಿಲ್ಲ, ಹಿಡಿದರೆ ತಪ್ಪು. ಬಂದದ್ದನ್ನು ಪಕ್ಕದವನಿಗೆ ಕೊಡಲೇಬೇಕು. ಜನ ಚಪ್ಪಾಳೆ ತಟ್ಟಿದರು. ಪೂವಪ್ಪ ನಿಂತಲ್ಲಿಂದಲೇ ಕೇಳಿದ:

"ಎಂಟು ವರ್ಷದಿಂದ ನಾನು ಹಿಂದೆಯೇ ನಿಲ್ತಾ ಇದ್ದೇನಲ್ಲ ಮಾರಾಯ. ನಿನ್ನ ಸಮಾಜವಾದ ಹಿಂದಿನ ಸಾಲಿಗೆ ಎಷ್ಟು ಗಂಟೆಗೆ ಬರ್ತದೆ?"

ಸಭೆಯೆಲ್ಲ ನಕ್ಕಿತು. ಕಬೀರನೂ ನಕ್ಕ, ಆದರೆ ಮಾತು ನಾಟಿತ್ತು. ಮುಂದಿನ ಭಾನುವಾರ ತೊಕ್ಕೊಟ್ಟಿನವರೊಡನೆ ಪಂದ್ಯ. ಪೂವಪ್ಪನನ್ನು ಕರೆದು ಬಲೆಯ ಎಡಕ್ಕೆ ನಿಲ್ಲಿಸಿದ. ಪೂವಪ್ಪ ಅಂದು ಹೊಸ ಬನಿಯನ್ ಹಾಕಿಕೊಂಡು ಬಂದಿದ್ದ.

ಸೋಲುವ ಭಯಕ್ಕೆ ನೂರ್ ಮುಹಮ್ಮದರು ಅವನಿಗೆ ಒಂದು ಚೆಂಡನ್ನೂ ಎತ್ತಿಕೊಡಲಿಲ್ಲ. ಕೊನೆಯ ಅಂಕಕ್ಕೆ ಎಡದಲ್ಲಿ ಪೂವಪ್ಪ ಹಾರಿದ, ಬಲದಲ್ಲಿ ಕಬೀರ್. ಪೂವಪ್ಪನ ಎದುರು ತಡೆಯುವವರೇ ಇರಲಿಲ್ಲ. ಆದರೂ ನೂರ್ ಮುಹಮ್ಮದರ ಕೈ ಕಬೀರನತ್ತಲೇ ತಿರುಗಿತು. ಗೆದ್ದರು. ಬರಿಗೈಯಲ್ಲಿ ಕೆಳಗಿಳಿದ ಪೂವಪ್ಪನೇ ಮೊದಲು ಓಡಿಬಂದು ಅಪ್ಪಿಕೊಂಡ. ಮರುದಿನ ತಾನಾಗಿಯೇ ಹಿಂದಿನ ಸಾಲಿಗೆ ಹೋಗಿ ನಿಂತ.

ದೋಣಿ ಇಳಿದು ಬಂದವರಿಗೆ ಸುಂದರಿ ಜಗಲಿಯಲ್ಲಿ ಚಾಪೆ ಹಾಸಿದಳು. ನೂರ್ ಮುಹಮ್ಮದರು ಇದಿಷ್ಟನ್ನೂ ಹೇಳಿದರು.

"ಇವರಿಗೆ ಗೊತ್ತಿತ್ತು ಅಣ್ಣ," ಎಂದಳು ಅವಳು. "ಅವತ್ತು ಊಟ ಬಿಟ್ಟಿದ್ರು. ಆಮೇಲೆ, ನನಗೆ ಕೊಟ್ಟಿದ್ರೆ ನಾನು ಬಲೆಗೇ ಹೊಡೀತಿದ್ದೆ ಅಂತ ನಕ್ಕುಬಿಟ್ರು."

ನೂರ್ ಮುಹಮ್ಮದರು ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಬಲೆಗೆ ಹೊಡೀತಿದ್ದನೋ ಏನೋ. ಅದು ಗೊತ್ತಾಗ್ಲಿಕ್ಕಾದರೂ ಒಮ್ಮೆ ಕೊಡಬೇಕಿತ್ತು ತಂಗಿ."