ಕೊಳದ ಹೆಪ್ಪು

ಅಂದು ಬೆಳಿಗ್ಗೆ ಗಾಳಿ ಎಂಬುದು ಹೆಸರಿಗೂ ಇರಲಿಲ್ಲ. ಮೋಡ ಕೆಳಗಿಳಿದು ಬಂದು ಕೊಳದ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಕೊಳದ ಕಾವಲುಗಾರ ಎಂದಿನಂತೆ ಕೊನೆಯ ಮೆಟ್ಟಿಲಿಗೆ ಇಳಿದು ನೀರಿಗೆ ಕೈಮುಗಿದ. ಮುಗಿದ ಕೈಯಿಂದಲೇ ಮೂಗು ಮುಚ್ಚಿಕೊಳ್ಳಬೇಕಾಯಿತು. ದೇವರೆದುರು ಮುಖ ತಿರುಗಿಸಿದಂತಾಯಿತಲ್ಲ ಎಂದು ಅವನಿಗೇ ನಾಚಿಕೆಯಾಯಿತು.

ನೀರು ಹಸಿರು ಬಣ್ಣ ಕಲಸಿಟ್ಟಂತೆ ಮಂದವಾಗಿತ್ತು. ಅಂಚಿನಲ್ಲಿ ಸೊಳ್ಳೆಮರಿಗಳು ಮೈ ಕೊಂಕಿಸಿ ಕುಣಿಯುತ್ತಿದ್ದವು. ಕಪ್ಪೆಗಳ ವಟವಟ ನಿಂತು ಎಷ್ಟೋ ದಿನವಾಗಿತ್ತು. ಮಿಂಚುಳ್ಳಿ ಕೂರುತ್ತಿದ್ದ ಕೋಲು ಖಾಲಿ. ಹೆಂಡತಿ ಹೋದ ಮೇಲೆ ಮನೆಯೊಳಗೆ ಮಾತು ನಿಂತಿತ್ತು. ಈಗ ಹೊರಗೂ ನಿಂತಿತು.

ಇಪ್ಪತ್ತಾರು ವರ್ಷ ಗಂಡಹೆಂಡಿರು ಸೇರಿಯೇ ಈ ಕೊಳವನ್ನು ನೋಡಿಕೊಂಡಿದ್ದರು. ವರ್ಷಕ್ಕೊಮ್ಮೆ ನೀರು ತಗ್ಗಿದಾಗ ಕಳೆ ಕೀಳುವ ಕೆಲಸ. ಅವನು ಕೀಳುತ್ತಾ ಬಂದರೆ ಅವಳು ಒಂದು ಮೂಲೆಗೆ ಅಡ್ಡ ನಿಂತುಬಿಡುತ್ತಿದ್ದಳು.

"ಇಲ್ಲಿ ಕೈ ಹಾಕಿದ್ರೆ ರಾತ್ರಿ ನಿಮಗೆ ಊಟ ಇಲ್ಲ, ನೋಡಿ."

"ಒಂದು ಮೂಲೆ ಹಾಗೇ ಬಿಟ್ಟು ಕ್ಲೀನ್ ಮಾಡಿದ್ವಿ ಅಂದ್ರೆ ಜನ ನಗ್ತಾರೆ ಕಣೇ."

"ನಗಲಿ. ಅದು ನನ್ನ ಮೂಲೆ."

ಯಾಕೆಂದು ಅವನು ಕೇಳಿದವನಲ್ಲ. ಅವಳ ಹಟ ಅವಳಿಗೆ ಎಂದು ಸುಮ್ಮನಾಗುತ್ತಿದ್ದ.

ಈ ಸಲ ಅಡ್ಡ ನಿಲ್ಲುವವರು ಇರಲಿಲ್ಲ. ಅವಳು ತೀರಿಕೊಂಡು ವರ್ಷ ತುಂಬುತ್ತಿತ್ತು. ಅವಳ ನೆನಪಿಗೆ ಕೊಳವನ್ನು ಕನ್ನಡಿ ಮಾಡಿಬಿಡುತ್ತೇನೆಂದು ಹೊರಟವನು ಆ ಮೂಲೆಯ ಜೊಂಡನ್ನೂ ಬುಡಸಮೇತ ಕಿತ್ತ. ಬಸವನಹುಳುಗಳನ್ನು ಬುಟ್ಟಿಗಟ್ಟಲೆ ಎತ್ತಿ ದೂರ ಸುರಿದ. ಹತ್ತು ದಿನ ಕೊಳ ನಿಜಕ್ಕೂ ಕನ್ನಡಿಯೇ ಆಗಿತ್ತು. ಮೋಡ, ಹಕ್ಕಿ, ಅವನ ಮುಖ, ಎಲ್ಲ ಕಾಣುತ್ತಿದ್ದವು. ಆಮೇಲೆ ಹಸಿರು ಏರಿತು, ವಾಸನೆ ಎದ್ದಿತು.

ನಿನ್ನೆ ನಗರ ಕಚೇರಿಯ ಅಧಿಕಾರಿ ಕರವಸ್ತ್ರದೊಳಗಿಂದಲೇ ಮಾತಾಡಿ ಹೋಗಿದ್ದ. "ಒಂದು ತಿಂಗಳು ನೋಡ್ತೀನಿ ಯಜಮಾನ್ರೇ. ಇದು ಸರಿಹೋಗ್ಲಿಲ್ಲ ಅಂದ್ರೆ ಮಣ್ಣು ಹಾಕಿಸಿ ಮುಚ್ಚಿಸ್ತೀವಿ. ಗಾಡಿ ನಿಲ್ಲಿಸೋಕೆ ಜಾಗನಾದ್ರೂ ಆಗುತ್ತೆ."

ಕೊಳವೂ ಹೋದರೆ ಬೆಳಿಗ್ಗೆ ಎದ್ದು ಯಾರ ಮುಖ ನೋಡುವುದು? ಅವನು ಚಪ್ಪಲಿ ಮೆಟ್ಟಿ ನಾದಿನಿಯ ಸಸಿತೋಟದ ಕಡೆ ಹೊರಟ. ವರ್ಷದಿಂದ ಆ ದಾರಿ ತುಳಿದಿರಲಿಲ್ಲ. ಜಗಳವೇನೂ ಇರಲಿಲ್ಲ. ತಂಗಿಯ ಮುಖದಲ್ಲಿ ಅಕ್ಕನ ಮುಖ ಕಂಡೀತೆಂಬ ಅಳುಕು, ಅಷ್ಟೇ.

ಅವಳು ಚೀಲಗಳಿಗೆ ಮಣ್ಣು ತುಂಬುತ್ತಾ ಕೂತಿದ್ದಳು. ತಲೆಯೆತ್ತಿದಳು. ಅವನು ಅಳುಕಿದ್ದು ಸುಳ್ಳಾಗಲಿಲ್ಲ.

"ಓಹೋ, ಭಾವ! ದಾರಿ ತಪ್ಪಿ ಬಂದ್ರಾ?"

"ಇಲ್ಲಮ್ಮ, ಗೊತ್ತಿದ್ದೇ ಬಂದೆ. ಕೊಳ ಕೆಟ್ಟುಹೋಗಿದೆ."

ಅವಳ ಕೈ ನಿಂತಿತು. "ಅಕ್ಕನ ಮೂಲೆ?"

ಅವನು ತನ್ನ ಚಪ್ಪಲಿ ನೋಡಿಕೊಂಡ. "ಅದನ್ನೂ ಕಿತ್ತೆ."

"ಅಯ್ಯೋ ಪುಣ್ಯಾತ್ಮ! ಅವಳು ಇದ್ದಿದ್ರೆ ನಿಮ್ಮನ್ನೇ ಕಿತ್ತು ದಡಕ್ಕೆ ಎಸೀತಿದ್ಲು."

ಇಬ್ಬರೂ ನಕ್ಕರು. ನಗು ಅರ್ಧಕ್ಕೇ ನಿಂತಿತು. ಅವನು ಕೇಳಿದ, "ಅದ್ಯಾಕೆ ಬಿಡ್ತಿದ್ಲು? ನಿನಗೆ ಹೇಳಿದ್ಲಾ?"

"ಮೊಸರೆಲ್ಲ ಬಳಿದು ಉಂಡ್ಬಿಟ್ರೆ ನಾಳೆಗೆ ಹೆಪ್ಪಿಗೆ ಏನು ಮಾಡ್ತೀರಿ, ಭಾವ? ಅದೂ ಹಾಗೇ. ನೀರಲ್ಲಿರೋ ಸಾರವನ್ನ ಕಳೆ ಉಣ್ತಿತ್ತು. ಕಳೆ ಹೋಯ್ತು, ಈಗ ಪಾಚಿ ಉಣ್ತಿದೆ. ಸೊಳ್ಳೆಮರಿ ತಿನ್ನೋ ಏರೋಪ್ಲೇನ್ ಚಿಟ್ಟೆ ಮರಿಗಳು ಆ ಜೊಂಡಲ್ಲೇ ಅಡಗಿರ್ತಿದ್ವು, ಕಪ್ಪೆ ಮೊಟ್ಟೆ ಇಡ್ತಿದ್ದಿದ್ದೂ ಅಲ್ಲೇ. ಒಂದು ಮೂಲೆ ಇದ್ರೆ ಅಲ್ಲಿಂದ ಮತ್ತೆ ಎಲ್ಲ ಹರಡ್ಕೊಳ್ತಾವೆ. ನೀವು ಮನೆ ಗುಡಿಸ್ತೀನಿ ಅಂತ ಮನೆಯವರನ್ನೇ ಗುಡಿಸಿಬಿಟ್ರಿ."

ಗುಡಿಸಿಟ್ಟ ಮನೆಯಲ್ಲಿ ಒಬ್ಬನೇ ಇರುವುದೆಂದರೇನು ಎಂದು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಅವಳು ಕೈ ಕೊಡವಿಕೊಂಡು ಎದ್ದಳು. ಸಸಿಗಳ ಆಚೆಗಿದ್ದ ತನ್ನ ಹೊಂಡಕ್ಕೆ ಮೊಣಕಾಲುದ್ದ ಇಳಿದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಹಳೆಯ ತಗಡಿನ ಬಕೆಟ್ಟಿತ್ತು. ಹಿಡಿಗೆ ನೀಲಿ ತಂತಿ ಸುತ್ತಿತ್ತು. ಆ ತಂತಿಯನ್ನು ಸುತ್ತಿದವನು ಅವನೇ.

"ಇದು ನಮ್ಮನೇದಲ್ವಾ?"

"ಹೂಂ. ಹನ್ನೊಂದು ವರ್ಷದ ಹಿಂದೆ ನನ್ನ ಹೊಂಡ ಹೀಗೇ ಕೆಟ್ಟಿತ್ತು. ಅಕ್ಕ ತನ್ನ ಮೂಲೆಯಿಂದ ಇದರ ತುಂಬ ತಂದು ಸುರಿದ್ಲು. ವಾಪಸ್ ಕೊಡ್ತೀನಿ ಅಂದಾಗೆಲ್ಲ, 'ಇರ್ಲಿ ಬಿಡೇ, ಬೇಕಾದಾಗ ಕೇಳ್ತೀನಿ' ಅಂತಿದ್ಲು. ಕೇಳಲೇ ಇಲ್ಲ."

ಬಕೆಟ್ಟಿನೊಳಗೆ ಎಳೆಎಳೆಯಾದ ಕಳೆ, ಬೇರು ಬಿಟ್ಟ ಜೊಂಡು, ಅಂಟಿಕೊಂಡ ಬಸವನಹುಳುಗಳು. ನಡುವೆ ಒಂದು ಗೊದಮೊಟ್ಟೆ ಬಾಲ ಅಲ್ಲಾಡಿಸಿ ತಳಕ್ಕಿಳಿಯಿತು.

"ತಿಂಗಳೊಳಗೆ ತಿಳಿಯಾಗುತ್ತಾ?" ಅವನ ದನಿ ಸಣ್ಣಗಾಗಿತ್ತು.

"ಅದು ಮೇಲಿನವನ ಕೈಲಿದೆ. ನೀವು ದಿನಾ ಒಂದಿಷ್ಟು ಪಾಚಿ ಬಾಚಿ ತೆಗೀರಿ. ಆ ಮೂಲೆಗೆ ಮಾತ್ರ ಕೈ ಹಾಕಬೇಡಿ. ಸಾಲದೇ ಹೋದ್ರೆ ಮತ್ತೆ ಬನ್ನಿ."

ಅವನು ಬಕೆಟ್ಟಿನ ಕಡೆ ಕೈ ಚಾಚಿದ. ಅವಳು ಅವನ ಮುಖ ನೋಡಲಿಲ್ಲ. ಬಕೆಟ್ಟಿನ ತಳದ ಕೆಸರನ್ನು ಸೆರಗಿನಿಂದ ಒರೆಸಿ, ನೀರು ತುಳುಕದಂತೆ ಎರಡೂ ಕೈಯಲ್ಲಿ ಎತ್ತಿ ಅವನ ಕೈಗೆ ಕೊಟ್ಟಳು.