ಉರಿಯದ ಬಾಯ್ಲರ್

ಸಮುದಾಯ ಭವನದ ಕಿಟಕಿಗಳ ಸಂದಿಗೆಲ್ಲ ರಬ್ಬರ್ ಪಟ್ಟಿ ಬಿಗಿದು, ಗೋಡೆಗಳ ಒಳಮೈಗೆ ಶಾಖ ಸೋರದಂತೆ ಹಲಗೆ ಹೊದಿಸಿ ಕೆಲಸದವರು ಹೊರಟ ಮರುದಿನವೇ ಅತ್ತೆ ಬಂದು ತನ್ನ ಮಾಮೂಲಿ ಮೂಲೆಯಲ್ಲಿ ಕುಳಿತಳು. ಬಾಯ್ಲರಿನ ಬಿಸಿನೀರಿನ ಕೊಳವೆ ಹಾದುಹೋಗುವ ಮೂಲೆ ಅದು. ಮೂರನೆಯ ಮಹಡಿಯಲ್ಲಿರುವ ಅವಳ ಬಾಡಿಗೆ ಕೋಣೆಯ ಗೋಡೆಗಳು ಸದಾ ಒದ್ದೆ. ಅವಳ ಎದೆಗೆ ಆಗಿಬರುವುದಿಲ್ಲ. ಹಾಗಾಗಿ ಚಳಿಗಾಲದ ಹಗಲೆಲ್ಲ ಅವಳು ತನ್ನ ತಮ್ಮ ಕಾವಲಿರುವ ಈ ಭವನದಲ್ಲೇ. ಆ ತಮ್ಮನೇ ನನ್ನ ಅಪ್ಪ.

"ಇನ್ನು ಇಲ್ಲಿ ಕೂತು ಚಾಡಿ ಹೇಳಿದ್ರೂ ಹೊರಗೆ ಸೋರಲ್ಲ ಕಣೋ," ಎಂದಳು.

"ನಿನ್ನ ಬಾಯಿಗೆ ಹಾಕೋ ಪಟ್ಟಿ ಇನ್ನೂ ಬಂದಿಲ್ಲ ಅಕ್ಕ," ಎಂದ ಅಪ್ಪ.

ಕಟ್ಟಡಗಳ ಹೊಗೆ ತಗ್ಗಿಸಲೆಂದು ಸರ್ಕಾರ ಕೊಡುವ ಅನುದಾನ ಬರುವುದು ಹಂತಹಂತವಾಗಿ. ಮೊದಲು ಗೋಡೆ, ಕಿಟಕಿ. ಆಮೇಲೆ, ಹೊಗೆ ಕಾರುವ ಹಳೆಯ ಎಣ್ಣೆ ಬಾಯ್ಲರನ್ನು ಕಿತ್ತು ವಿದ್ಯುತ್ತಿನಿಂದ ನಡೆಯುವ ಹೊಸದು. ಆದರೆ ಈ ಚಳಿಗಾಲ ಎಣ್ಣೆಯ ಬಳಕೆ ಇಳಿದರಷ್ಟೇ ಎರಡನೆಯ ಹಂತ. ಭವನದ ಸಮಿತಿಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಯಾವ ಪರೀಕ್ಷೆಯಾದರೂ ನೂರಕ್ಕೆ ನೂರು ಬರಬೇಕೆನ್ನುವವರು. ಚಳಿ ಶುರುವಾಗುತ್ತಲೇ, ವಾರದ ಸಭೆಯ ದಿನ ಬಿಟ್ಟರೆ ಬಾಯ್ಲರ್ ಹಚ್ಚಕೂಡದು, ಭವನದ ಬಾಗಿಲಿಗೂ ಬೀಗವಿರಲಿ ಎಂದು ತೀರ್ಮಾನಿಸಿದರು.

"ವಯಸ್ಸಾದವರು ಬಂದು ಕೂರ್ತಾರಲ್ಲ ಸಾರ್," ಎಂದು ಅಪ್ಪ ಗೊಣಗಿದ.

"ಒಂದೇ ಒಂದು ಚಳಿಗಾಲ ಹಲ್ಲು ಕಚ್ಚಿಕೊಂಡಿರಲಿ. ಇದೆಲ್ಲ ಅವರಿಗೋಸ್ಕರಾನೇ ತಾನೆ?"

ಹೀಗೆ ಅಕ್ಕನನ್ನು ಬಾಗಿಲಲ್ಲೇ ತಡೆಯುವ ಕೆಲಸ ಅಪ್ಪನ ಪಾಲಿಗೆ ಬಂತು. ಅವನು ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನೆಲ ನೋಡುತ್ತ ನಿಂತ. ಅತ್ತೆ ಜಗಳವಾಡಲಿಲ್ಲ. "ಮುಂದಿನ ವರ್ಷ ಹೊಸ ಬಾಯ್ಲರ್ ಪಕ್ಕ ಕೂರಿಸ್ತೀಯಾ ಅನ್ನು," ಎಂದು ಹೊರಟುಹೋದಳು.

ದಿನ ಬಿಟ್ಟು ದಿನ ನಾನು ಅವಳ ಕೋಣೆಗೆ ಹೋಗುತ್ತಿದ್ದೆ. ಎರಡು ಕಂಬಳಿ ಹೊದ್ದು, ಗೋಡೆಯಿಂದ ಆದಷ್ಟು ದೂರ ಎಳೆದ ಮಂಚದಲ್ಲಿ ಕುಳಿತಿರುತ್ತಿದ್ದಳು. ಮೊದಮೊದಲು ಎದ್ದು ಬಂದು ಚಿಲಕ ತೆಗೆಯುತ್ತಿದ್ದವಳು, ಬರಬರುತ್ತ ಬಾಗಿಲನ್ನು ಚಿಲಕ ಹಾಕದೆ ಸುಮ್ಮನೆ ಮುಂದೆ ಮಾಡಿಡತೊಡಗಿದಳು.

"ನಿಮ್ಮ ಕಟ್ಟಡ ಹುಷಾರಾಗಿದೆಯೇನೇ?" ಎಂದು ಕೇಳುವಳು. ನಗು ಬರುವ ಮೊದಲೇ ಕೆಮ್ಮು ಬರುತ್ತಿತ್ತು.

ಚಳಿ ಇನ್ನೂ ಬಿಟ್ಟಿರಲಿಲ್ಲ, ಅನುದಾನದ ಕಚೇರಿಯಿಂದ ಎಂಜಿನಿಯರಮ್ಮ ಪರಿಶೀಲನೆಗೆ ಬಂದರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಎಣ್ಣೆಯ ತೊಟ್ಟಿ ಹೆಚ್ಚುಕಡಿಮೆ ತುಂಬಿಯೇ ಇತ್ತು. ಎಂಜಿನಿಯರಮ್ಮ ಮುಖ ಅರಳಿಸಲಿಲ್ಲ. ಗಾಳಿಯಾಡದೆ, ಬಿಸಿ ಕಾಣದೆ ಹೊಸ ಹಲಗೆಗಳ ಮೇಲೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಅದನ್ನು ಬೆರಳಿನಿಂದ ಒರೆಸಿ ನೋಡಿದರು.

"ಇಲ್ಲಿಗೆ ಜನ ಬರಲ್ವಾ?"

"ಬರೋಕೆ ನಾವು ಬಿಟ್ರೆ ತಾನೆ ಮೇಡಂ," ಮೇಷ್ಟ್ರು ಹೆಮ್ಮೆಯಿಂದಲೇ ಹೇಳಿದರು. "ಸಭೆಯ ದಿನ ಬಿಟ್ರೆ ಚಳಿಗಾಲ ಪೂರ್ತಿ ಬೀಗ."

"ಮುಚ್ಚಿ ಅಂತ ಯಾರು ಹೇಳಿದ್ರು? ದಿನಾ ತೆಗೆದಿದ್ರೂ ಈ ಹಲಗೆಗಳಿಂದಲೇ ಬೇಕಾದಷ್ಟು ಎಣ್ಣೆ ಉಳೀತಿತ್ತು." ಅವರ ದನಿ ಇಳಿಯಿತು. "ಉರಿಯದ ಬಾಯ್ಲರ್ ಬದಲಾಯಿಸಿದ್ರೆ ಯಾವ ಹೊಗೆ ಕಡಿಮೆಯಾಗುತ್ತೆ ಸಾರ್? ಹಣ ಇರೋದು ದಿನಾ ಬಳಸೋ ಕಟ್ಟಡಗಳಿಗೆ. ನಿಮ್ಮ ಹೆಸರು ಸಾಲಿನ ಕೊನೆಗೆ ಹೋಗುತ್ತೆ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕುಳಿತರು. ಅಪ್ಪ ಯಾರನ್ನೂ ಕೇಳಲಿಲ್ಲ. ನೇರ ಕೆಳಗಿಳಿದು ಬಾಯ್ಲರ್ ಹಚ್ಚಿದ. ಕೊಳವೆಗಳು ಟಕ್ ಟಕ್ ಎಂದು ಕಾಯತೊಡಗಿದವು. ಬಾಗಿಲನ್ನು ಹಾರುಹೊಡೆದಿಟ್ಟು ಅತ್ತೆಯ ಮನೆಯತ್ತ ದಾಪುಗಾಲು ಹಾಕಿದ. ನಾನು ಹಿಂದೆಯೇ ಓಡಿದೆ.

"ಏಳು ಅಕ್ಕ, ಬೆಚ್ಚಗಾಗಿದೆ."

ಅತ್ತೆ ಎದ್ದಳು. ಅಪ್ಪನ ತೋಳು ಹಿಡಿದು ಮೆಟ್ಟಿಲ ತನಕ ಬಂದಳು. ಒಂದು ತಿರುವು ಇಳಿಯುವಷ್ಟರಲ್ಲಿ ತುಟಿಗಳು ನೀಲಿಗಟ್ಟಿದವು. ಗೋಡೆಗೊರಗಿ ಅಲ್ಲೇ ಕುಳಿತುಬಿಟ್ಟಳು.

"ಹೊತ್ಕೊಂಡು ಹೋಗ್ತೀನಿ," ಎಂದ ಅಪ್ಪ.

"ಬೇಡ ಕಣೋ." ಉಸಿರು ಸಿಗಲೆಂದು ಅವಳು ಬಹಳ ಹೊತ್ತು ಕಾದಳು. "ಬೆಚ್ಚಗಾದ ಮೇಲೆ ವಾಪಸ್ ಈ ಒದ್ದೆ ಕೋಣೆಗೇ ಹತ್ತಿ ಬರಬೇಕಲ್ಲ."

ಅಪ್ಪ ಅವಳನ್ನು ಎತ್ತಿಕೊಂಡು ಮತ್ತೆ ಮೇಲಕ್ಕೆ ಹತ್ತಿದ.